ಪರದೆ ಮುಂಬೈ ದಾಟಲಿ

1917ರ ಮೂಕಿಚಿತ್ರ ‘ಲಂಕಾದಹನ’ದಲ್ಲಿ ರಾಮನೂ ಒಬ್ಬನೇ, ಸೀತೆಯೂ ಅವನೇ. ಎರಡೂ ಪಾತ್ರ ಮಾಡಿದವರು ಅಣ್ಣಾ ಸಾಳುಂಕೆ. ಮುಂಬೈನ ಗ್ರ್ಯಾಂಟ್ ರೋಡಿನ ಹೋಟೆಲೊಂದರಲ್ಲಿ ಅಡುಗೆಗಿದ್ದ ಈ ತರುಣನನ್ನು ದಾದಾಸಾಹೇಬ್ ಫಾಲ್ಕೆ ಮೊದಲು ಕರೆತಂದದ್ದು ‘ರಾಜಾ ಹರಿಶ್ಚಂದ್ರ’ದ ತಾರಾಮತಿಯ ಪಾತ್ರಕ್ಕೆ. 1913ರಲ್ಲಿ ಕ್ಯಾಮೆರಾ ಎದುರು ನಿಲ್ಲಲು ಹೆಂಗಸರು ಒಪ್ಪುತ್ತಿರಲಿಲ್ಲ. ಫಾಲ್ಕೆ ಹುಟ್ಟಿದ್ದು ನಾಸಿಕ್ ಸಮೀಪದ ತ್ರ್ಯಂಬಕೇಶ್ವರದಲ್ಲಿ, 1870ರಲ್ಲಿ. ಮೊದಲ ಚಿತ್ರ ಗೆದ್ದ ಕೂಡಲೇ ಅವರು ಗಂಟುಮೂಟೆ ಕಟ್ಟಿ ಸ್ಟುಡಿಯೋವನ್ನೂ ನಾಸಿಕ್‌ಗೆ ಒಯ್ದರು. ಎರಡನೆಯ ಚಿತ್ರ ‘ಮೋಹಿನಿ ಭಸ್ಮಾಸುರ’ ತಯಾರಾದದ್ದು ಅಲ್ಲೇ. ವಿಷ್ಣು ಹೆಣ್ಣಾಗುವ ಆ ಕತೆಯಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು. ಭಾರತದ ಸಿನಿಮಾಕ್ಕೆ ನಟಿಯರು ಬಂದದ್ದು ಹಾಗೆ. ಫಾಲ್ಕೆ ತೀರಿಕೊಂಡದ್ದೂ ನಾಸಿಕ್‌ನಲ್ಲೇ, 1944ರಲ್ಲಿ. ಪಾಂಡವಲೇಣಿ ಗುಡ್ಡದ ಬುಡದಲ್ಲಿ ಅವರ ಸ್ಮಾರಕವಿದೆ.

ಸಾಳುಂಕೆ ಹೆಣ್ಣುವೇಷ ಹಾಕಿದ್ದು ಸಂಬಳಕ್ಕಾಗಿ. ಅದಕ್ಕೆ ಇವತ್ತಿನ ಅರ್ಥಗಳನ್ನು ಹೊರಿಸುವುದು ಬೇಡ. ಆದರೆ ಗಂಡು ಹೆಣ್ಣಿನ ಗೆರೆ ದಾಟಿದವರನ್ನು ಪರದೆಯ ಮೇಲೆ ನೋಡುವುದು ಈ ದೇಶದ ಪ್ರೇಕ್ಷಕರಿಗೆ ಹೊಸದಲ್ಲ, ನಾಸಿಕ್‌ನವರಿಗಂತೂ ಹೊಸದಲ್ಲವೇ ಅಲ್ಲ ಎಂಬುದಿಷ್ಟನ್ನು ನೆನಪಿಡಬೇಕು. ಎಲ್‌ಜಿಬಿಟಿಐಕ್ಯು ಸಮುದಾಯದ ಬದುಕನ್ನು ತೋರಿಸುವ ಚಿತ್ರೋತ್ಸವಗಳು ಮುಂಬೈ, ಕೋಲ್ಕತ್ತ, ಬೆಂಗಳೂರು, ಪುಣೆಗಳಲ್ಲಿ ನಡೆದು ಬಂದಿವೆ. ಮುಂಬೈನಿಂದ ಸುಮಾರು 170 ಕಿಲೋಮೀಟರ್ ಆಚೆಯ ನಾಸಿಕ್‌ನ ಹುಡುಗನೋ, ಇನ್ನೂ ಮುಂದಿನ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಹುಡುಗಿಯೋ ಇಂಥ ದೊಡ್ಡ ಉತ್ಸವ ನೋಡಬೇಕೆಂದರೆ ತಪೋವನ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಬೇಕು. ಮನೆಯಲ್ಲಿ ಸುಳ್ಳು ಹೇಳಬೇಕು, ರಾತ್ರಿ ತಂಗಲು ಜಾಗ ಹುಡುಕಬೇಕು. ಈ ಉತ್ಸವಗಳು ಎರಡನೆಯ ಸಾಲಿನ ನಗರಗಳಿಗೆ ಬರಬೇಕು. ಬರಬೇಕಾದರೆ ಅವುಗಳ ಹಣದ ಲೆಕ್ಕ ಬದಲಾಗಬೇಕು: ಮೊದಲ ರೂಪಾಯಿ ಊರಿನ ಜನರದ್ದಾಗಿರಬೇಕು, ಪ್ರಾಯೋಜಕರದ್ದು ಆಮೇಲೆ.

ಈ ಮಾತಿಗೆ ಆಧಾರ ಬೇಕೆಂದರೆ ಮಂಡ್ಯದಲ್ಲಿ ಹುಟ್ಟಿದ ಒಬ್ಬರ ಕತೆ ನೋಡಬೇಕು. ಶ್ರೀಧರ್ ರಂಗಾಯನ್ ಮುಂಬೈ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಓದಿದವರು, ಈ ಸಮುದಾಯಕ್ಕಾಗಿ ದುಡಿಯುವ ಹಮ್‌ಸಫರ್ ಟ್ರಸ್ಟ್ ಕಟ್ಟಿದ ಮೊದಲಿಗರಲ್ಲಿ ಒಬ್ಬರು. 2003ರಲ್ಲಿ ಅವರು ‘ಗುಲಾಬಿ ಆಯ್ನಾ’ ಎಂಬ ಚಿತ್ರ ತೆಗೆದರು. ಸೆನ್ಸಾರ್ ಮಂಡಳಿ ಅದಕ್ಕೆ ಪ್ರಮಾಣಪತ್ರ ಕೊಡಲಿಲ್ಲ. ಅಶ್ಲೀಲ, ಆಕ್ಷೇಪಾರ್ಹ ಎಂದಿತು. ಹೊರದೇಶಗಳ ಉತ್ಸವಗಳಲ್ಲಿ ಓಡಿದ ಚಿತ್ರ ಸ್ವದೇಶದ ಥಿಯೇಟರ್ ಕಾಣಲಿಲ್ಲ. ಆ ನಿರ್ದೇಶಕನೇ ಏಳು ವರ್ಷಗಳ ನಂತರ, 2010ರ ಏಪ್ರಿಲ್‌ನಲ್ಲಿ, ಮುಂಬೈನಲ್ಲಿ ‘ಕಶಿಶ್’ ಚಿತ್ರೋತ್ಸವ ಶುರುಮಾಡಿದರು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಪಡೆದು, ಜುಹೂವಿನ ಪಿವಿಆರ್ ಮಲ್ಟಿಪ್ಲೆಕ್ಸ್‌ನಲ್ಲಿ, ನೂರಕ್ಕೂ ಹೆಚ್ಚು ಚಿತ್ರಗಳನ್ನು ರಾಜಾರೋಷವಾಗಿ ತೋರಿಸಿದರು.

ಆ ಅನುಮತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಉತ್ಸವದಲ್ಲಿ ತೋರಿಸುವ ಪ್ರತಿ ಚಿತ್ರಕ್ಕೂ ಸೆನ್ಸಾರ್ ಪ್ರಮಾಣಪತ್ರ ಮಾಡಿಸುತ್ತ ಕೂತರೆ ಉತ್ಸವವೇ ನಡೆಯುವುದಿಲ್ಲ. ಅದಕ್ಕಾಗಿ ಸಚಿವಾಲಯ ಉತ್ಸವಗಳಿಗೆ ವಿನಾಯಿತಿ ಕೊಡುತ್ತದೆ. ಇದು ಲಾಭದ ವ್ಯಾಪಾರವಾಗಿರಬಾರದು, ನೋಡುವವರು ನೋಂದಾಯಿತ ಪ್ರತಿನಿಧಿಗಳಾಗಿರಬೇಕು ಎಂಬುದು ಷರತ್ತು. ಅಂದರೆ ಸಿನಿಮಾ ಥಿಯೇಟರಿನ ಗಲ್ಲಾಪೆಟ್ಟಿಗೆಯಂತೆ ಟಿಕೆಟ್ ಮಾರಿ ಖರ್ಚು ತೆಗೆಯುವ ದಾರಿ ಇಲ್ಲಿಲ್ಲ. ಸಭಾಂಗಣದ ಬಾಡಿಗೆ, ಚಿತ್ರಗಳ ಪ್ರದರ್ಶನ ಶುಲ್ಕ, ಡಿಜಿಟಲ್ ಪ್ರತಿ, ಸಬ್‌ಟೈಟಲ್, ನಿರ್ದೇಶಕರ ರೈಲು-ವಿಮಾನದ ಖರ್ಚು, ಭದ್ರತಾ ಸಿಬ್ಬಂದಿ, ಬ್ಯಾನರು, ಕೈಪಿಡಿ ಎಲ್ಲದಕ್ಕೂ ಬೇರೆ ಕಡೆಯಿಂದ ಹಣ ಹುಟ್ಟಬೇಕು. ಆ ಬೇರೆ ಕಡೆ ಯಾವುದು ಎಂಬುದೇ ಉತ್ಸವದ ಸ್ವಭಾವವನ್ನೂ ಅದು ನಡೆಯುವ ಊರನ್ನೂ ನಿರ್ಧರಿಸುತ್ತದೆ.

2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಬಿಗಿ ಸಡಿಲಿಸಿದ್ದರಿಂದಲೇ ಮುಂದಿನ ವರ್ಷ ‘ಕಶಿಶ್’ಗೆ ಮಲ್ಟಿಪ್ಲೆಕ್ಸ್ ಬಾಗಿಲು ತೆರೆಯಿತು ಎನ್ನಬಹುದು. ಆದರೆ 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. ಸಮುದಾಯ ಮತ್ತೆ ಅಪರಾಧಿಯ ಕಟಕಟೆಯಲ್ಲಿ ನಿಂತಿತು. ಪ್ರಾಯೋಜಕರು ಹಿಂಜರಿಯಲು ಅದಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ. ಆ ತೀರ್ಪು ಬಂದು ಆರು ತಿಂಗಳೂ ಕಳೆದಿರಲಿಲ್ಲ, 2014ರ ಮೇ ತಿಂಗಳಲ್ಲಿ ‘ಕಶಿಶ್’ ಮರೀನ್ ಲೈನ್ಸ್‌ನ ಲಿಬರ್ಟಿ ಥಿಯೇಟರಿಗೆ ಹೋಯಿತು. 1949ರಲ್ಲಿ ಕಟ್ಟಿದ, ಸಾವಿರಕ್ಕೂ ಹೆಚ್ಚು ಜನ ಕೂರುವ ಒಂಟಿ ಪರದೆಯ ಹಳೆಯ ಚಿತ್ರಮಂದಿರ ಅದು. ಕಾನೂನು ಕೈಬಿಟ್ಟ ಹೊತ್ತಿನಲ್ಲೇ ಉತ್ಸವ ದೊಡ್ಡ ಸಭಾಂಗಣ ಹಿಡಿಯಿತು. ಅಷ್ಟು ವರ್ಷ ಕೈಹಿಡಿದಿದ್ದ ಸ್ವಯಂಸೇವಕರು, ಸಣ್ಣ ದೇಣಿಗೆಯವರು, ಚಿತ್ರರಂಗದ ಗೆಳೆಯರು ಬೆನ್ನಿಗಿಲ್ಲದಿದ್ದರೆ ಆ ಧೈರ್ಯ ಸಾಧ್ಯವಿರಲಿಲ್ಲ. 2016ರಲ್ಲಿ ಬ್ರಿಟನ್ನಿನ ನಟ ಇಯಾನ್ ಮೆಕೆಲನ್ ಬಂದು ಉತ್ಸವ ಉದ್ಘಾಟಿಸಿದರು. ಸುಪ್ರೀಂ ಕೋರ್ಟ್ 377ನೇ ಕಲಮಿನಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧಕ್ಕೆ ಅನ್ವಯಿಸುತ್ತಿದ್ದ ಭಾಗವನ್ನು ತೆಗೆದುಹಾಕಿದ್ದು ಇನ್ನೂ ಎರಡು ವರ್ಷ ಕಳೆದ ಮೇಲೆ, 2018ರ ಸೆಪ್ಟೆಂಬರ್ 6ರಂದು.

ಬೆಂಗಳೂರಿನ ದಾರಿ ಬೇರೆ. ಇಲ್ಲಿಯ ಕ್ವಿಯರ್ ಚಿತ್ರೋತ್ಸವ 2008ರಿಂದ ನಡೆದು ಬಂದಿದೆ. ‘ಗುಡ್ ಆ್ಯಸ್ ಯು’, ‘ಸ್ವಭಾವ’ದಂಥ ಗುಂಪುಗಳ ಸ್ವಯಂಸೇವಕರು ಸೇರಿ, ವ್ಯಕ್ತಿಗಳಿಂದ ದೇಣಿಗೆ ಎತ್ತಿ, ಊರಿನ ಸಾಂಸ್ಕೃತಿಕ ಸಂಸ್ಥೆಗಳ ಸಭಾಂಗಣಗಳಲ್ಲಿ ಚಿತ್ರ ತೋರಿಸುತ್ತ ಬಂದರು. ಕೋಲ್ಕತ್ತದ ‘ಡಯಲಾಗ್ಸ್’ ಉತ್ಸವ 2007ರಲ್ಲಿ ಶುರುವಾದದ್ದೂ ‘ಸ್ಯಾಫೊ ಫಾರ್ ಈಕ್ವಾಲಿಟಿ’ಯಂಥ ಸಮುದಾಯದ ಸಂಘಟನೆಗಳಿಂದ. ಇನ್ನೂ ಹಿಂದೆ ಹೋದರೆ 2003ರಲ್ಲಿ ಮುಂಬೈನಲ್ಲಿ ‘ಲರ್ಜಿಶ್’ ನಡೆದಿತ್ತು. ಪುಣೆಯಲ್ಲಿ ಬಿಂದುಮಾಧವ ಖಿರೆಯವರ ‘ಸಮಪಥಿಕ್ ಟ್ರಸ್ಟ್’ 2014ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಸಭಾಂಗಣದಲ್ಲಿ ಉತ್ಸವ ಮಾಡಿತು. ಮರಾಠಿಯಲ್ಲೇ ಪುಸ್ತಕ ಬರೆದು, ಮರಾಠಿಯಲ್ಲೇ ವಾದ ಮಂಡಿಸಿದ ಖಿರೆ ಪುಣೆಯ ಪೇಠೆಗಳ ಮಂದಿಯೊಡನೆ ಅವರದೇ ಮಾತಿನಲ್ಲಿ ಮಾತಾಡಿದರು. ಇವುಗಳಲ್ಲಿ ಯಾವುದೂ ದೊಡ್ಡ ಕಂಪನಿ ಚೆಕ್ ಕೊಟ್ಟಿತು ಎಂಬ ಕಾರಣಕ್ಕೆ ಹುಟ್ಟಿದ್ದಲ್ಲ.

ಹಾಗಂತ ಪ್ರಾಯೋಜಕರು ಬೇಡ ಎನ್ನುವುದು ಬೇಜವಾಬ್ದಾರಿ. ರಿಯಾದ್ ವಾಡಿಯಾ ಪ್ರಶಸ್ತಿಯನ್ನೇ ನೋಡಿ. ‘ಹಂಟರ್‌ವಾಲಿ’ ತೆಗೆದ ವಾಡಿಯಾ ಮೂವಿಟೋನ್ ಮನೆತನದ ರಿಯಾದ್ 1996ರಲ್ಲಿ ‘ಬಾಮ್‌ಗೇ’ ಎಂಬ ಕಿರುಚಿತ್ರ ಮಾಡಿದರು. ಭಾರತದ ಸಲಿಂಗಪ್ರೇಮಿ ಸಿನಿಮಾದ ಮೊದಲ ಹೆಜ್ಜೆಗಳಲ್ಲಿ ಅದೊಂದು. 2003ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಉದಯೋನ್ಮುಖ ಭಾರತೀಯ ನಿರ್ದೇಶಕರಿಗೆ ‘ಕಶಿಶ್’ ಕೊಡುವ ಪ್ರಶಸ್ತಿಗೆ ಹಣ ಬರುವುದು ಅದೇ ವಾಡಿಯಾ ಮೂವಿಟೋನ್‌ನಿಂದ. ಇನ್ನೊಂದು ಉದಾಹರಣೆ ಇನ್ನೂ ಚೆನ್ನಾಗಿದೆ. ಕಿರುಚಿತ್ರ ಮಾಡಲು ‘ಕಶಿಶ್’ ಕೊಡುವ ‘ಕ್ಯೂದೃಷ್ಟಿ’ ಅನುದಾನದಿಂದ ರೋಹನ್ ಪರಶುರಾಮ್ ಕಾನವಡೆ ಎಂಬ ಯುವಕ ‘ಯು ಫಾರ್ ಉಷಾ’ ಎಂಬ ಚಿತ್ರ ತೆಗೆದರು. ಆ ಕಾನವಡೆಯವರ ಮೊದಲ ಕಥಾಚಿತ್ರ ‘ಸಾಬರ್ ಬೋಂಡಂ’ 2025ರ ಜನವರಿಯಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಉತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಅಪ್ಪ ಸತ್ತ ಮೇಲೆ ಹತ್ತು ದಿನದ ಸೂತಕಕ್ಕೆಂದು ಮುಂಬೈನಿಂದ ಹಳ್ಳಿಗೆ ಬರುವ ಮಗ, ಅಲ್ಲೇ ಉಳಿದು ಮದುವೆಯ ಒತ್ತಾಯ ತಪ್ಪಿಸಿಕೊಳ್ಳುತ್ತಿರುವ ರೈತ ಗೆಳೆಯ, ಮಗನ ಮನಸ್ಸು ಗೊತ್ತಿರುವ ತಾಯಿ ಇದರ ಪಾತ್ರಗಳು. ಮಾತೆಲ್ಲ ಗ್ರಾಮೀಣ ಮರಾಠಿ. ಒಂದು ಉತ್ಸವ ಅಂಥ ನಿರ್ದೇಶಕನಿಗೆ ಆರಂಭದ ದಿನಗಳಲ್ಲೇ ಕೊಟ್ಟ ನೆರವು ಎಷ್ಟು ದೂರ ಹೋಯಿತು ಎಂದು ಪ್ರಾಯೋಜಕರಿಗೆ ಹೇಳಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ತೊಂದರೆ ಇರುವುದು ಪ್ರಾಯೋಜಕರ ಹಣ ಯಾವ ಖಾತೆಯಿಂದ ಬರುತ್ತದೆ ಎಂಬಲ್ಲಿ. 2013ರ ಕಂಪನಿಗಳ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಆದರೆ ತನ್ನ ಸರಕಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಹಾಗಾಗಿ ಲೋಗೊ ಹಾಕಿಸಿಕೊಳ್ಳುವ ಹಣ ಜಾಹೀರಾತು ವಿಭಾಗದಿಂದಲೋ, ನೌಕರರ ವೈವಿಧ್ಯ ನೋಡಿಕೊಳ್ಳುವ ಮಾನವ ಸಂಪನ್ಮೂಲ ವಿಭಾಗದಿಂದಲೋ ಬರಬೇಕು. ಇವೆರಡೂ ಕೂತಿರುವುದು ಮುಂಬೈ, ಬೆಂಗಳೂರು, ಪುಣೆಯ ಕೇಂದ್ರ ಕಚೇರಿಗಳಲ್ಲಿ. ನಾಸಿಕ್‌ನಲ್ಲಿ ಮಹೀಂದ್ರಾ, ಬಾಷ್ ಕಾರ್ಖಾನೆಗಳಿವೆ, ಓಝರ್‌ನಲ್ಲಿ ಎಚ್‌ಎಎಲ್ ಇದೆ. ಸಂಭಾಜಿನಗರದ ವಾಳೂಜ್‌ನಲ್ಲಿ ಬಜಾಜ್, ಶೇಂದ್ರಾದಲ್ಲಿ ಸ್ಕೋಡಾ ಇವೆ. ಕೆಲಸಗಾರರು ಇಲ್ಲಿ, ‘ಪ್ರೈಡ್’ ತಿಂಗಳ ಖರ್ಚಿನ ತೀರ್ಮಾನ ಅಲ್ಲಿ. ವಾಳೂಜ್‌ನ ಅಸೆಂಬ್ಲಿ ಲೈನಿನಲ್ಲಿ ನಿಲ್ಲುವ ಸಲಿಂಗಪ್ರೇಮಿ ಹುಡುಗನಿಗೆ ಕೇಂದ್ರ ಕಚೇರಿಯ ಕಾಮನಬಿಲ್ಲಿನ ಪೋಸ್ಟರಿನಿಂದ ಏನೂ ದಕ್ಕುವುದಿಲ್ಲ.

ಜೊತೆಗೆ ಆ ಹಣ ಯಾವತ್ತು ನಿಲ್ಲುತ್ತದೆ ಎಂದೂ ಹೇಳಲಾಗದು. 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪ್ರೈಡ್ ಮೆರವಣಿಗೆಯಿಂದ ಆನ್‌ಹೈಸರ್-ಬುಷ್, ಕಾಮ್‌ಕಾಸ್ಟ್, ಡಿಯಾಜಿಯೊದಂಥ ಹಳೆಯ ಪ್ರಾಯೋಜಕರು ಹಿಂದೆ ಸರಿದರು. ವಾಷಿಂಗ್ಟನ್ನಿನಲ್ಲಿ ಗಾಳಿ ಬದಲಾದದ್ದೇ ಕಾರಣ. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ 1977ರಲ್ಲಿ ಕೆಲವು ಗೆಳೆಯರು ತಾವೇ ತೆಗೆದ ಸೂಪರ್-8 ಚಿತ್ರಗಳನ್ನು ಸಮುದಾಯ ಕೇಂದ್ರವೊಂದರಲ್ಲಿ ತೋರಿಸಿದ್ದರು. ಇವತ್ತು ‘ಫ್ರೇಮ್‌ಲೈನ್’ ಎಂಬ ಹೆಸರಿನಲ್ಲಿ ಜಗತ್ತಿನ ಅತಿ ಹಳೆಯ ಇಂಥ ಉತ್ಸವವಾಗಿ ಉಳಿದಿರುವುದು ಆ ಪ್ರದರ್ಶನವೇ. ಪ್ರಾಯೋಜಕರು ಬರುವುದಕ್ಕೆ ಮೊದಲೇ ಜನ ಅದನ್ನು ತಮ್ಮದು ಮಾಡಿಕೊಂಡಿದ್ದರು.

ಹಾಗಾದರೆ ಸಣ್ಣ ನಗರಗಳಲ್ಲಿ ಪ್ರಾಯೋಜಕರ ಕೆಲಸವೇನು? ಹಣಕ್ಕಿಂತ ಹೆಚ್ಚಾಗಿ ಅವರ ಹೆಸರು ಬೇಕು. 1998ರ ಡಿಸೆಂಬರ್‌ನಲ್ಲಿ ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರದ ವಿರುದ್ಧ ಮುಂಬೈ, ದೆಹಲಿಗಳ ಥಿಯೇಟರುಗಳ ಗಾಜು ಒಡೆದಿದ್ದನ್ನು ಮಹಾರಾಷ್ಟ್ರದ ಯಾವ ಚಿತ್ರಮಂದಿರದ ಮ್ಯಾನೇಜರನೂ ಮರೆತಿಲ್ಲ. ಸೆನ್ಸಾರ್ ಅದನ್ನು ಕತ್ತರಿ ಹಾಕದೆ ಎರಡನೆಯ ಸಲ ಬಿಟ್ಟಿತು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅಂಥ ಮ್ಯಾನೇಜರ್ ಎದುರು ನಾಲ್ಕು ಜನ ಹುಡುಗರು ಅರ್ಜಿ ಹಿಡಿದು ನಿಂತರೆ ‘ನೋಡೋಣ, ಮುಂದಿನ ವಾರ ಬನ್ನಿ’ ಎನ್ನುತ್ತಾನೆ. ಅದೇ ಅರ್ಜಿಯ ತಲೆಯ ಮೇಲೆ ಊರಿನ ವಿಶ್ವವಿದ್ಯಾಲಯದ್ದೋ ಉದ್ಯಮಿಯದ್ದೋ ಹೆಸರಿದ್ದರೆ ಮಾತಿನ ಧಾಟಿ ಬದಲಾಗುತ್ತದೆ. ಪೊಲೀಸ್ ಠಾಣೆಯಲ್ಲೂ ಹಾಗೆಯೇ.

ಇದು ಸಂಭಾಜಿನಗರದಲ್ಲಿ ಸಾಧ್ಯ ಎಂಬುದಕ್ಕೆ ಕಣ್ಣೆದುರೇ ಉದಾಹರಣೆಯಿದೆ. ಅಜಂತಾ–ಎಲ್ಲೋರಾ ಅಂತರರಾಷ್ಟ್ರೀಯ ಚಿತ್ರೋತ್ಸವ ಅಲ್ಲಿ ಜನವರಿಯಲ್ಲಿ ನಡೆಯುತ್ತದೆ. ಸ್ಥಳೀಯ ನಾಥ್ ಸಮೂಹ ಮತ್ತು ಎಂಜಿಎಂ ವಿಶ್ವವಿದ್ಯಾಲಯ ಅದರ ಬೆನ್ನಿಗಿವೆ. 2024ರಲ್ಲಿ ಜಾವೇದ್ ಅಖ್ತರ್, 2025ರ ಹತ್ತನೆಯ ಉತ್ಸವದಲ್ಲಿ ಸಾಯಿ ಪರಾಂಜಪೆ ಅಲ್ಲಿಯ ಪದ್ಮಪಾಣಿ ಪ್ರಶಸ್ತಿ ಪಡೆದರು. ಮರಾಠವಾಡದ ಊರೊಂದು, ಬರದ ಸುದ್ದಿಗೆ ಮಾತ್ರ ಪತ್ರಿಕೆಗಳ ಮುಖಪುಟ ಏರುವ ಸೀಮೆಯಲ್ಲಿ, ಲೋಕದ ಸಿನಿಮಾಗಳನ್ನು ದಿನಗಟ್ಟಲೆ ಕೂತು ನೋಡುವ ಪ್ರೇಕ್ಷಕರನ್ನು ಬೆಳೆಸಿದೆ. ಎಲ್‌ಜಿಬಿಟಿಐಕ್ಯು ಚಿತ್ರಗಳಿಗೆ ಆ ಉತ್ಸವ ಒಂದು ಪರದೆ, ಒಂದು ದಿನ ಬಿಟ್ಟುಕೊಟ್ಟರೆ ಸಾಕು. ಹೊಸ ಉತ್ಸವ ಕಟ್ಟುವ ಅರ್ಧ ಹೊರೆ ಇಳಿಯುತ್ತದೆ.

ಪ್ರೇಕ್ಷಕರು ಒಪ್ಪುತ್ತಾರೆಯೇ ಎಂದು ಕೇಳುವವರು ನೆರೆಯ ಸೀಮೆಯ ಮತದಾರರನ್ನು ನೋಡಲಿ. ಜಳಗಾಂವ್ ಜಿಲ್ಲೆಯ ಭಾದಲಿ ಬುದ್ರುಕ್ ಗ್ರಾಮ ಪಂಚಾಯಿತಿಗೆ ಅಂಜಲಿ ಗುರು ಸಂಜನಾ ಜಾನ್ ಎಂಬ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ ನಾಮಪತ್ರ ಸಲ್ಲಿಸಿದಾಗ ಚುನಾವಣಾಧಿಕಾರಿ ಅದನ್ನು ತಿರಸ್ಕರಿಸಿದ್ದರು. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ಆಕೆ ಮಹಿಳೆಯಾಗಿಯೇ ಸ್ಪರ್ಧಿಸಬಹುದು ಎಂದಿತು. ಹಳ್ಳಿಯ ಜನ ಆಕೆಯನ್ನು ಗೆಲ್ಲಿಸಿದರು. 2009ರ ಮರಾಠಿ ಚಿತ್ರ ‘ಜೋಗ್ವಾ’ ಸೀರೆಯುಟ್ಟ ಜೋಗತ್ಯನ ಬದುಕನ್ನು ಹೇಳಿದಾಗಲೂ ಅದೇ ಮಹಾರಾಷ್ಟ್ರ ಥಿಯೇಟರಿಗೆ ಹೋಗಿ ನೋಡಿತು. ಆ ಕತೆಯ ಬೇರು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿದೆ. ಹಣೆತುಂಬ ಭಂಡಾರ ಬಳಿದುಕೊಂಡು, ತಲೆಯ ಮೇಲೆ ಕೊಡ ಹೊತ್ತು ಬರುವ ಜೋಗಪ್ಪಂದಿರು ಗಡಿಯ ಎರಡೂ ಕಡೆಯವರು. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿ ಬಿ.ಎಸ್. ಲಿಂಗದೇವರು ಮಾಡಿದ ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದದ್ದು ಕನ್ನಡಿಗರಿಗೆ ಗೊತ್ತೇ ಇದೆ. ಇಂಥ ಚಿತ್ರಗಳನ್ನು ಮರಾಠಿ ಸಬ್‌ಟೈಟಲ್‌ನೊಂದಿಗೆ ನಾಸಿಕ್‌ನಲ್ಲಿ, ಕನ್ನಡ ಸಬ್‌ಟೈಟಲ್‌ನೊಂದಿಗೆ ಕಲಬುರಗಿಯಲ್ಲಿ ತೋರಿಸಬೇಕು. ಇಂಗ್ಲಿಷ್ ಸಬ್‌ಟೈಟಲ್ ಒಂದನ್ನೇ ನೆಚ್ಚಿಕೊಂಡ ಉತ್ಸವ ಮಹಾನಗರದ ಕಾಲೇಜು ಓದಿದವರಾಚೆ ಹೋಗುವುದಿಲ್ಲ. ಭಾಷಾಂತರದ ಈ ಖರ್ಚನ್ನು ಊರಿನ ದೇಣಿಗೆಯಿಂದಲೇ ತೆಗೆಯಬಹುದು. ಮಾಡುವವರು ಕಾಲೇಜುಗಳಲ್ಲೇ ಸಿಗುತ್ತಾರೆ.

ಸಮುದಾಯದ ಹಣ ಮೊದಲು ಬರಬೇಕು ಎನ್ನಲು ಇನ್ನೊಂದು ಕಾರಣವಿದೆ. ಅದು ಉತ್ಸವದ ಬಾಗಿಲಲ್ಲೇ ಕಾಣುತ್ತದೆ. ನೋಂದಣಿ ಮೇಜಿನ ಎದುರು ನಿಂತವನು ವಯಸ್ಸಿನ ಪುರಾವೆ ತೋರಿಸಲೇಬೇಕು, ಆದರೆ ಕೊರಳಿಗೆ ಹಾಕುವ ಪಾಸಿನ ಮೇಲೆ ಆಧಾರ್ ಕಾರ್ಡಿನ ಹೆಸರು ಅಚ್ಚಾಗುವುದು ಬೇಡ. ಮುಂಬೈನಲ್ಲಿ ಯಾರೂ ಯಾರನ್ನೂ ಗುರುತಿಸುವುದಿಲ್ಲ. ನಾಸಿಕ್‌ನ ಕಾಲೇಜ್ ರೋಡಿನಲ್ಲಿ ಥಿಯೇಟರಿನಿಂದ ಹೊರಗೆ ಬರುವಾಗ ಚಿಕ್ಕಪ್ಪನ ಸ್ನೇಹಿತರೊಬ್ಬರು ಎದುರಾಗುತ್ತಾರೆ. ಪ್ರಾಯೋಜಕನಿಗೆ ತುಂಬಿದ ಸಭಾಂಗಣದ ಫೋಟೊ ಬೇಕು. ತನ್ನ ವರದಿಗೆ ಅಂಟಿಸಲು ಬೇಕೇ ಬೇಕು. ಕುಳಿತವರಲ್ಲಿ ಎಷ್ಟೋ ಜನಕ್ಕೆ ಆ ಫೋಟೊ ಮನೆ ಬಿಡಿಸಬಲ್ಲದು, ಕೆಲಸ ಕಳೆಯಬಲ್ಲದು. ಹಣ ಪೂರ್ತಿ ಪ್ರಾಯೋಜಕನದ್ದೇ ಆದರೆ ಫೋಟೊ ಬೇಡ ಎನ್ನುವ ನಾಲಗೆ ಸಂಘಟಕರಿಗೆ ಇರುವುದಿಲ್ಲ. ಬಾಡಿಗೆಯನ್ನಾದರೂ ತಾವೇ ಕೂಡಿಸಿ ಕೊಟ್ಟವರು ವೇದಿಕೆಯ ಚಿತ್ರ ತೆಗೆಯಿರಿ, ಪ್ರೇಕ್ಷಕರತ್ತ ಕ್ಯಾಮೆರಾ ತಿರುಗಿಸಬೇಡಿ ಎಂದು ಧೈರ್ಯವಾಗಿ ಹೇಳಬಹುದು. ಚಿತ್ರಗಳ ಆಯ್ಕೆಯೂ ಹೀಗೆಯೇ. ಎಲ್ಲರಿಗೂ ಹಿತವಾಗುವ ಪ್ರೇಮಕಥೆಗಳಿಗೆ ಪ್ರಾಯೋಜಕರು ಸಲೀಸಾಗಿ ಸಿಗುತ್ತಾರೆ. ಜಾತಿ, ಪೊಲೀಸ್ ದೌರ್ಜನ್ಯ, ಹುಟ್ಟಿದಾಗಲೇ ಶಸ್ತ್ರಚಿಕಿತ್ಸೆಗೆ ಗುರಿಯಾದ ಅಂತರಲಿಂಗಿ ಮಕ್ಕಳ ಸಾಕ್ಷ್ಯಚಿತ್ರಗಳಿಗೆ ಸಮುದಾಯವೇ ಜಾಗ ಕಾಯ್ದಿರಿಸಬೇಕು.

ಸಮುದಾಯ ಎಂದಾಗ ಎಲ್‌ಜಿಬಿಟಿಐಕ್ಯು ವ್ಯಕ್ತಿಗಳನ್ನಷ್ಟೇ ಎಣಿಸಬಾರದು. ರಂಗಾಯನ್ ಅವರ ‘ಈವನಿಂಗ್ ಶಾಡೋಸ್’ 2018ರ ಹಿಂದಿ ಚಿತ್ರ. ಶ್ರೀರಂಗಪಟ್ಟಣದ ಮನೆಗೆ ಬಂದ ಮಗ ತಾನು ಸಲಿಂಗಪ್ರೇಮಿ ಎಂದು ಅಮ್ಮನಿಗೆ ಹೇಳುತ್ತಾನೆ. ಗಂಡನ ಎದುರು ಎಂದೂ ದನಿ ಎತ್ತದ ಆ ಹೆಂಗಸು ಏನು ಮಾಡುತ್ತಾಳೆ ಎಂಬುದೇ ಕತೆ. ಅದು ತಯಾರಾದದ್ದು ಜನರಿಂದ ದೇಣಿಗೆ ಎತ್ತಿ. ‘ಸ್ವೀಕಾರ್’ ಎಂಬ ತಂದೆತಾಯಂದಿರ ಬಳಗವಿದೆ. ಮಕ್ಕಳಿಗೆ ಮದುವೆಯ ಹಕ್ಕು ಕೊಡಿ ಎಂದು ಕೇಳಿ ಅದರ 400ಕ್ಕೂ ಹೆಚ್ಚು ಪಾಲಕರು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಆ ಹಕ್ಕನ್ನು ಕೊಡಲಿಲ್ಲ. ಆದರೆ ಪತ್ರಕ್ಕೆ ಸಹಿ ಹಾಕಿದ ಅಮ್ಮಂದಿರು ಉತ್ಸವದ ಮುಂದಿನ ಸಾಲಿನಲ್ಲಿ ಕೂತರೆ ಹಿಂದಿನ ಸಾಲಿನ ಹುಡುಗರಿಗೆ ಸಿಗುವ ಬಲವನ್ನು ಯಾವ ಪ್ರಾಯೋಜಕನೂ ತಂದುಕೊಡಲಾರ.

ನಾಸಿಕ್‌ಗೆ ಬೇಕಿರುವುದು ಐದು ದಿನದ ಜಾತ್ರೆಯಲ್ಲ. ಒಂದು ಶನಿವಾರ, ಒಂದು ಭಾನುವಾರ, ನೂರಿನ್ನೂರು ಜನ ಕೂರುವ ಒಂದು ಸಭಾಂಗಣ ಸಾಕು. ಮುಂಬೈ, ಪುಣೆಯ ಉತ್ಸವಗಳು ಆಗಲೇ ತೋರಿಸಿದ ಮರಾಠಿ ಕಿರುಚಿತ್ರಗಳನ್ನು ನಿರ್ದೇಶಕರ ಒಪ್ಪಿಗೆ ಪಡೆದು ತರಿಸಿಕೊಂಡರೆ ಆಯ್ಕೆಯ ಖರ್ಚು ಉಳಿಯುತ್ತದೆ. ಸಚಿವಾಲಯದ ವಿನಾಯಿತಿಯ ಕಾಗದಪತ್ರಕ್ಕೆ ಆ ಉತ್ಸವಗಳ ಅನುಭವಿಗಳು ಜೊತೆ ಕೂರಬೇಕು. ಹೊಸಬರು ಮೊದಲು ಎಡವುವುದು ಅಲ್ಲೇ. ಸಭಾಂಗಣದ ಬಾಡಿಗೆ ಮತ್ತು ಸಬ್‌ಟೈಟಲ್ ಖರ್ಚನ್ನು ಊರಿನವರು ಕೂಡಿಸಲಿ. ಅತಿಥಿಗಳ ಪ್ರಯಾಣ, ಭದ್ರತೆ, ಪ್ರಚಾರದ ಖರ್ಚನ್ನು ನಾಸಿಕ್‌ನದೇ ಕೈಗಾರಿಕಾ ಪ್ರದೇಶಗಳಾದ ಸಾತ್ಪುರ, ಅಂಬಡದ ಕಾರ್ಖಾನೆಗಳು ಹೊರಲಿ. ಮುಂಬೈನ ಕೇಂದ್ರ ಕಚೇರಿಗಳು ಪ್ರೈಡ್ ತಿಂಗಳಿಗೆ ತೆಗೆದಿಡುವ ಹಣದಲ್ಲಿ ಒಂದು ಪಾಲು ಕಾರ್ಖಾನೆಯಿರುವ ಊರಿಗೇ ಹೋಗಬೇಕೆಂದು ‘ಕಶಿಶ್’ನಂಥ ಹಿರಿಯ ಉತ್ಸವಗಳು ತಮ್ಮ ಪ್ರಾಯೋಜಕರೊಂದಿಗಿನ ಮುಂದಿನ ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು. ಅದೇ ಷರತ್ತನ್ನು ಬೆಂಗಳೂರಿನ ಕಂಪನಿಗಳ ಮುಂದಿಟ್ಟರೆ ಹುಬ್ಬಳ್ಳಿ, ಕಲಬುರಗಿಗೂ ಪರದೆ ಬರುತ್ತದೆ.